ಮಗ ತೆಳ್ಳಗಿದ್ದಾನೆ, ಅಪ್ಪನಿಗೆ ಹೊಟ್ಟೆ ಬಂದಿದೆ: ಯಾರ ತೂಕದ ಬಗ್ಗೆ ಚಿಂತೆ ಮಾಡಬೇಕು?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ, ಊರು ಮಂಡ್ಯ. ನನ್ನ ಮಗ ತಿಂಗಳು ತುಂಬಿಯೇ ಹುಟ್ಟಿದ, ಆದರೆ ತೂಕ ಬರೀ 2.1 ಕೆಜಿ. ಆಗ ನಾನೂ ತುಂಬಾ ಸಣ್ಣ ಇದ್ದೆ, ಬಸುರಿಯಾದಾಗ 41 ಕೆಜಿ. ಈಗ 52 ಆಗಿದ್ದೇನೆ. ಮಗನಿಗೆ ಐದು ವರ್ಷ, 16 ಕೆಜಿ ತೂಕ, 107 ಸೆಂಟಿಮೀಟರ್ ಎತ್ತರ. ಚುರುಕಾಗಿದ್ದಾನೆ, ಆದರೆ ಪಕ್ಕೆಲುಬು ಕಾಣುತ್ತವೆ. "ಹುಟ್ಟುವಾಗಲೇ ಕಮ್ಮಿ ಇದ್ದ ಮಗು, ಈಗಲಾದರೂ ಮೈ ತುಂಬಬೇಕು" ಅಂತ ನಮ್ಮತ್ತೆ ತಟ್ಟೆ ಹಿಡಿದು ಅವನ ಹಿಂದೆ ಓಡುತ್ತಾರೆ. ತುಪ್ಪ, ಬಿಸ್ಕತ್ತು, ಡಬ್ಬಿ ಪೌಡರ್ ಹಾಕಿದ ಹಾಲು, ಎಲ್ಲ ನಡೆದಿದೆ. ನನ್ನ ಗಂಡನಿಗೆ 36. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬಂದಿದೆ. ಸಕ್ಕರೆ "ಬಾರ್ಡರ್‌ನಲ್ಲಿದೆ" ಅಂದಿದ್ದಾರೆ. ಮಾವನವರಿಗೆ 66. ಹಳೆಯ ಸಕ್ಕರೆ ಕಾಯಿಲೆ, ಹಾರ್ಟ್‌ಗೆ ಸ್ಟೆಂಟ್ ಹಾಕಿದೆ. ಈ ವರ್ಷ ತುಂಬಾ ಇಳಿದುಹೋಗಿದ್ದಾರೆ. ನಮಗೆ ಎರಡನೇ ಮಗು ಬೇಕು ಅಂತಿದೆ. ಹುಟ್ಟಿದಾಗಿನ ತೂಕಕ್ಕೂ ಮುಂದೆ ಬರುವ ಕಾಯಿಲೆಗೂ ಸಂಬಂಧ ಇದೆ ಅಂತ ಎಲ್ಲೋ ಓದಿ ಹೆದರಿಕೆಯಾಗಿದೆ. ನನ್ನ ಮಗನಿಗೆ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಗನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಮಿಕ್ಕಿದ್ದು. ಐದು ವರ್ಷದ ಹುಡುಗನಿಗೆ 107 ಸೆಂಟಿಮೀಟರ್ ಎತ್ತರ, 16 ಕೆಜಿ ತೂಕ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟಿನಲ್ಲಿ ನಡುವಿನ ಗೆರೆಗಿಂತ ಸ್ವಲ್ಪ ಕೆಳಗೆ, ಆದರೆ ಸರಿಯಾದ ಪಟ್ಟಿಯೊಳಗೇ ಬರುತ್ತದೆ. ಎತ್ತರಕ್ಕೆ ತಕ್ಕ ತೂಕವೂ ಇದೆ. ಅವನು ಚುರುಕಾಗಿದ್ದಾನೆ ಎಂದು ನೀವೇ ಬರೆದಿದ್ದೀರಿ. ಅವನಿಗೆ ಕಾಯಿಲೆ ಇಲ್ಲ. ಇದನ್ನು ಇವತ್ತೇ ನಿಮ್ಮ ಅತ್ತೆಯವರಿಗೆ ಓದಿ ಹೇಳಿ.

ಹಾಗಂತ ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಹುಟ್ಟಿದಾಗಿನ ತೂಕಕ್ಕೂ ಐವತ್ತು ಅರವತ್ತು ವರ್ಷದ ನಂತರದ ಆರೋಗ್ಯಕ್ಕೂ ನಂಟಿದೆ. ನಮ್ಮ ದೇಶದಲ್ಲಿ ಅದನ್ನು ಮೊದಲು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಒಂದು ನಡೆದದ್ದು ನಿಮ್ಮ ಪಕ್ಕದಲ್ಲೇ, ಮೈಸೂರಿನಲ್ಲಿ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಅಳೆದು ಬರೆದಿಟ್ಟಿದ್ದರು. ತಾಯಿಯ ತೂಕವನ್ನೂ ಬರೆದಿದ್ದರು. ಆ ಕಾಲಕ್ಕೆ ಅದು ದೊಡ್ಡ ಶ್ರದ್ಧೆಯ ಕೆಲಸ. ಆ ದಾಖಲೆಗಳು ಉಳಿದುಕೊಂಡವು. 1990ರ ದಶಕದಲ್ಲಿ ಸಂಶೋಧಕರು ಅವನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ 517 ಗಂಡಸರು ಹೆಂಗಸರನ್ನು ಹುಡುಕಿದರು. ಅಷ್ಟು ಹೊತ್ತಿಗೆ ಅವರೆಲ್ಲ ನಡುವಯಸ್ಸು ತಲುಪಿದ್ದರು. ಅವರ ಹೃದಯ ಪರೀಕ್ಷೆ ಮಾಡಿ, ಹಳೆಯ ದಾಖಲೆಯ ತೂಕದ ಜೊತೆ ಇಟ್ಟು ನೋಡಿದರು.

ಒಟ್ಟು ನೋಡಿದರೆ ನೂರಕ್ಕೆ 9 ಗಂಡಸರಿಗೆ, 11 ಹೆಂಗಸರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಹುಟ್ಟುವಾಗ ತೂಕ ಕಮ್ಮಿ ಇದ್ದವರಲ್ಲಿ ಅದು ಜಾಸ್ತಿ. ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಎರಡೂ ಕೂಡಿದ ಕಡೆ. ಹುಟ್ಟಿದಾಗ ತಾವು ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದು, ತಾಯಿಯೂ ಬಸುರಿಯಲ್ಲಿ 45 ಕೆಜಿಗಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 20 ಮಂದಿಗೆ ಆ ಕಾಯಿಲೆ ಇತ್ತು. ಇದು 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ನಿಮ್ಮ 41 ಕೆಜಿ, ಮಗುವಿನ 2.1 ಕೆಜಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ ಎಂದು ನಿಮಗೆ ಹೊಳೆದಿರುತ್ತದೆ. ಅದಕ್ಕೇ ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ. ಆ ಗುಂಪಿನಲ್ಲೂ ನೂರಕ್ಕೆ 80 ಜನಕ್ಕೆ ಆ ಕಾಯಿಲೆ ಇರಲಿಲ್ಲ. ಹುಟ್ಟಿದ ತೂಕ ಹಣೆಬರಹವಲ್ಲ. ನಾವು ಯಾವ ವಯಸ್ಸಿನಲ್ಲಿ ಯಾವುದರ ಕಡೆ ಗಮನ ಕೊಡಬೇಕು ಎಂದು ಅದು ಹೇಳುತ್ತದೆ, ಅಷ್ಟೆ.

ಯಾಕೆ ಹೀಗಾಗುತ್ತದೆ? ಕೈಯಲ್ಲಿ ದುಡ್ಡು ಕಮ್ಮಿ ಇರುವಾಗ ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡುಗೆಮನೆ, ಮಲಗುವ ಕೋಣೆ ಮೊದಲು ಎದ್ದು ನಿಲ್ಲುತ್ತವೆ. ಮಿಕ್ಕಿದ್ದು ಚಿಕ್ಕದಾಗುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಆಹಾರ ಕಮ್ಮಿಯಾದಾಗ ದೇಹ ಮೊದಲು ಮೆದುಳನ್ನು ಕಾಪಾಡಿಕೊಳ್ಳುತ್ತದೆ. ಕಿಡ್ನಿ, ಸ್ನಾಯು, ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ ಇವುಗಳ ಪಾಲು ಕಡಿತವಾಗುತ್ತದೆ. ಕಿಡ್ನಿಯನ್ನೇ ತಗೊಳ್ಳಿ. ರಕ್ತ ಸೋಸುವ ನೆಫ್ರಾನ್ ಎಂಬ ಪುಟ್ಟ ಜಾಲರಿಗಳು ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ ಇರುತ್ತವೆ. ಅವು ತಯಾರಾಗುವುದು ಬಸುರಿನ ಸುಮಾರು 36ನೇ ವಾರದವರೆಗೆ ಮಾತ್ರ. ಹುಟ್ಟಿದ ಮೇಲೆ ಎಷ್ಟೇ ತಿನ್ನಿಸಿದರೂ ಹೊಸದು ಒಂದೂ ಹುಟ್ಟುವುದಿಲ್ಲ. ಚಿಕ್ಕದಾಗಿ ಹುಟ್ಟಿದ ಮಗುವಿಗೆ ಇವು ಕಮ್ಮಿ ಇರುತ್ತವೆ. ಇದ್ದಷ್ಟೇ ಜಾಲರಿಗಳು ಜೀವನಪೂರ್ತಿ ಜಾಸ್ತಿ ದುಡಿಯಬೇಕು. ಮುಂದೆ ಬಿಪಿ ಏರುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ನಿಮ್ಮ ಮಗನಿಗೆ ವರ್ಷಕ್ಕೊಮ್ಮೆ, ಮಕ್ಕಳ ಅಳತೆಯ ಪಟ್ಟಿ ಕಟ್ಟಿ ಬಿಪಿ ನೋಡಿಸಿ ಎನ್ನುತ್ತೇನೆ. ಎರಡು ನಿಮಿಷದ ಕೆಲಸ, ಆದರೆ ನಾವು ಡಾಕ್ಟರುಗಳೂ ಮರೆಯುತ್ತೇವೆ.

ಈ ವಿಚಾರ ಮೊದಲು ಬೆಳಕಿಗೆ ಬಂದದ್ದೂ ಇಂಥದ್ದೇ ಹಳೆಯ ಪುಸ್ತಕಗಳಿಂದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಸೀಮೆಯಲ್ಲಿ 1911ರಿಂದ ಸೂಲಗಿತ್ತಿಯರು ಮತ್ತು ಮನೆಗೆ ಬರುವ ದಾದಿಯರು ಮಕ್ಕಳ ತೂಕವನ್ನು ಹುಟ್ಟಿದಾಗ ಒಮ್ಮೆ, ವರ್ಷ ತುಂಬಿದಾಗ ಒಮ್ಮೆ ಬರೆದಿಡುವ ಏರ್ಪಾಡಿತ್ತು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಅಲ್ಲಿ ಹುಟ್ಟಿದ ಐದು ಸಾವಿರಕ್ಕೂ ಜಾಸ್ತಿ ಗಂಡಸರ ಲೆಕ್ಕ ತೆಗೆದು 1989ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಮತ್ತು ಒಂದು ವರ್ಷಕ್ಕೆ ತೀರಾ ಹಗುರ ಇದ್ದವರೇ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲ, ಹಾಲೆಂಡಿನಲ್ಲಿ ಘೋರ ಹಸಿವು ಬಂತು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳಿಗೆ ಐವತ್ತರ ಹೊತ್ತಿಗೆ ಸಕ್ಕರೆಯ ತೊಂದರೆ ಜಾಸ್ತಿ ಕಂಡಿತು.

ಮೈಸೂರಿನ ಕಥೆಗೆ ಇನ್ನೊಂದು ತಿರುವೂ ಇದೆ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಜಾಸ್ತಿ ಎಂದು ನೋಡಿದಾಗ, ತೆಳ್ಳಗೆ ಹುಟ್ಟಿದವರಲ್ಲಿ ಅಲ್ಲ, ಉದ್ದ ಕಮ್ಮಿ ಇದ್ದು ಗುಂಡಗೆ ಹುಟ್ಟಿದವರಲ್ಲಿ, ತೂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ಜಾಸ್ತಿ ಕಂಡಿತು. ಆ ತಾಯಂದಿರಿಗೆ ಬಸುರಿಯಲ್ಲಿ ಸಕ್ಕರೆ ಏರಿದ್ದಿರಬಹುದು ಎಂದು ಸಂಶೋಧಕರು ಅಂದಾಜು ಮಾಡಿದರು. ಅಂದರೆ ಸಣ್ಣ ಮಗು ಅಂದರೆ ಕೆಟ್ಟದ್ದು, ದಪ್ಪ ಮಗು ಅಂದರೆ ಒಳ್ಳೆಯದು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ತೂಕದ ಮೇಲಿದೆ. ಆದರೆ ಒಂದು ಕೆಜಿ ಏರುವುದರ ಅರ್ಥ ಒಂದೊಂದು ವಯಸ್ಸಿನಲ್ಲಿ ಒಂದೊಂದು. ಎರಡು ವರ್ಷದೊಳಗಿನ ಮಗುವಿಗೆ ಅದು ವರ. ಐದರಿಂದ ಹತ್ತರವರೆಗೆ ಅವಸರದಲ್ಲಿ ಏರಿದರೆ ಅದು ಸಾಲ. ಮೂವತ್ತಾರರಲ್ಲಿ ಏರುವುದು ಬಹುಪಾಲು ಹೊಟ್ಟೆಯೊಳಗಿನ ಕೊಬ್ಬು. ಅರವತ್ತಾರರಲ್ಲಿ ತೂಕ ಏರುವುದಕ್ಕಿಂತ ಇಳಿಯುವುದಕ್ಕೇ ನಾವು ಹೆಚ್ಚು ಹೆದರಬೇಕು.

ಮಗುವಿನ ಮೊದಲ ಎರಡು ವರ್ಷ ಚೆನ್ನಾಗಿ ಬೆಳೆದಷ್ಟೂ ಒಳ್ಳೆಯದು. ಹುಟ್ಟಿದ ತೂಕ ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುವ ಕಾಲ ಅದು. ಎರಡು ವರ್ಷಕ್ಕೆ ಮಗು ದೊಡ್ಡವನಾದಾಗ ಇರುವ ಎತ್ತರದ ಸುಮಾರು ಅರ್ಧ ತಲುಪಿರುತ್ತದೆ. ಆ ಕಾಲ ನಿಮ್ಮ ಮಗನಿಗೆ ಕಳೆದಿದೆ, ಮತ್ತು ಅವನ ಎತ್ತರ ನೋಡಿದರೆ ಚೆನ್ನಾಗಿಯೇ ಕಳೆದಿದೆ. ಎದೆಹಾಲು, ರಾಗಿ ಸರಿ ಎಂದು ನೀವು ಮತ್ತು ನಿಮ್ಮ ಅತ್ತೆಯವರು ಪಟ್ಟ ಕಷ್ಟ ಸಾರ್ಥಕವಾಗಿದೆ. ಇದನ್ನೂ ಅವರಿಗೆ ಹೇಳಿ. ಅವರ ಆತಂಕಕ್ಕೆ ಕಾರಣ ಇದೆ. ದಡಾರ, ವಾಂತಿಭೇದಿಗೆ ಮಕ್ಕಳು ಸೊರಗಿ ಹೋಗುತ್ತಿದ್ದ ಕಾಲದ ಮಾತು ಕೇಳಿಕೊಂಡು ಬೆಳೆದವರು ಅವರು. ಮೈ ತುಂಬಿಕೊಂಡಿದ್ದರೆ ಒಂದು ಕಾಯಿಲೆ ತಡೆದುಕೊಳ್ಳಬಹುದು ಎಂಬುದು ಆ ಕಾಲದಲ್ಲಿ ಸುಳ್ಳಾಗಿರಲಿಲ್ಲ.

ಈಗಿನ ವಿಷಯ ಬೇರೆ. ವರ್ಷದ ಮಗು ಗುಂಡುಗುಂಡಾಗಿರುತ್ತದೆ. ಅಲ್ಲಿಂದ ಮುಂದೆ ಎತ್ತರ ಜಾಸ್ತಿ ಏರುತ್ತಾ, ಮೈಕೊಬ್ಬು ಕರಗುತ್ತಾ ಹೋಗುತ್ತದೆ. ಎತ್ತರಕ್ಕೆ ಹೋಲಿಸಿದರೆ ಮಗು ಜೀವನದಲ್ಲೇ ಅತಿ ತೆಳ್ಳಗೆ ಕಾಣುವುದು ಐದಾರು ವರ್ಷದಲ್ಲಿ. ಆಮೇಲೆ ನಿಧಾನಕ್ಕೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಐದರ ಹುಡುಗನ ಪಕ್ಕೆಲುಬು ಕಾಣುವುದು ಪ್ರಕೃತಿಯೇ ಇಟ್ಟ ಏರ್ಪಾಡು. ಆ ಮೈ ತುಂಬುವ ತಿರುವು ಬೇಗ ಬಂದಷ್ಟೂ ತೊಂದರೆ. ದೆಹಲಿಯಲ್ಲಿ 1969ರಿಂದ 1972ರೊಳಗೆ ಹುಟ್ಟಿದ ಮಕ್ಕಳನ್ನು ಬಿಡದೆ ಅಳೆಯುತ್ತಾ ಬಂದ ಒಂದು ಅಧ್ಯಯನವಿದೆ. ಆ ಮಕ್ಕಳಲ್ಲಿ ಸುಮಾರು 1,500 ಜನ ಮೂವತ್ತರ ಆಸುಪಾಸಿಗೆ ಬಂದಾಗ ಸಕ್ಕರೆ ಪರೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಹೇಳಿದರು. ಸಕ್ಕರೆ ಏರುಪೇರಾದವರು ಎರಡು ವರ್ಷದವರೆಗೆ ತೆಳ್ಳಗಿದ್ದ ಮಕ್ಕಳು. ಆಮೇಲೆ ಓರಗೆಯ ಮಕ್ಕಳಿಗಿಂತ ಬೇಗಬೇಗ ಮೈ ಬಂದವರು. ಹನ್ನೆರಡು ವರ್ಷಕ್ಕೆ ಅವರಲ್ಲಿ ಒಬ್ಬರೂ ಬೊಜ್ಜು ಎನ್ನುವಷ್ಟು ದಪ್ಪ ಇರಲಿಲ್ಲ. ಮನೆಯವರಿಗೆ "ಈಗ ಚೆನ್ನಾಗಿ ಮೈ ಹತ್ತಿದೆ" ಎಂದೇ ಕಂಡಿರಬೇಕು.

ಅದಕ್ಕೇ ತಟ್ಟೆ ಹಿಡಿದು ಓಡುವುದು ನಿಲ್ಲಲಿ. ಹಸಿವು ಎಷ್ಟು, ಹೊಟ್ಟೆ ತುಂಬಿತೇ ಎಂದು ಮಗುವಿಗೆ ತಿಳಿಯುತ್ತದೆ. ಓಡಿಸಿ ತುರುಕಿದರೆ ಆ ಅರಿವೇ ಮಾಸಿಹೋಗುತ್ತದೆ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಅನ್ನುವುದು ಅವನ ಕೈಯಲ್ಲಿರಲಿ. ಡಬ್ಬಿ ಪೌಡರ್ ನಿಲ್ಲಿಸಿ. ಅಂಥ ಹೆಚ್ಚಿನ ಪೌಡರ್‌ಗಳಲ್ಲಿ ಸಕ್ಕರೆಯ ಪಾಲು ಜಾಸ್ತಿ. ಆ ದುಡ್ಡಿಗೆ ಮೊಟ್ಟೆ ತನ್ನಿ. ಮೊಟ್ಟೆ ತಿನ್ನದ ಮನೆಯಾದರೆ ಕಾಳು, ಕಡಲೆಕಾಯಿ, ಮೊಸರು ಜಾಸ್ತಿ ಮಾಡಿ. ಬಸ್ಸಾರು ಮಾಡಿದ ದಿನ ಅವನ ತಟ್ಟೆಗೆ ಸೊಪ್ಪುಕಾಳಿನ ಪಲ್ಯ ಧಾರಾಳವಾಗಿ ಬೀಳಲಿ. ಪುಟ್ಟ ಮುದ್ದೆ, ಅದರ ಮೇಲೆ ಒಂದು ಚಮಚ ತುಪ್ಪ. ಅತ್ತೆಯವರ ತುಪ್ಪಕ್ಕೆ ನಾನು ಅಡ್ಡ ಬರುವುದಿಲ್ಲ, ಒಂದು ಚಮಚ ಸಾಕು. ಹಾಲು ದಿನಕ್ಕೆ ಎರಡು ಲೋಟ ಸಾಕು. ಜಾಸ್ತಿ ಹಾಲು ಕುಡಿಯುವ ಮಕ್ಕಳಿಗೆ ಊಟ ಸೇರುವುದಿಲ್ಲ, ರಕ್ತವೂ ಕಮ್ಮಿಯಾಗುತ್ತದೆ. ಬಿಸ್ಕತ್ತು ಮನೆಯಲ್ಲಿ ಇಲ್ಲದಿದ್ದರೆ ಕೇಳುವುದೂ ಇಲ್ಲ. ಅಂಗನವಾಡಿ, ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಓಡಾಡಿ ಆಡಲಿ. ಸ್ನಾಯು ಬೆಳೆಯುವುದು ಅಲ್ಲೇ. ಸಣ್ಣದಾಗಿ ಹುಟ್ಟಿದ ಮಗುವಿಗೆ ಕೊರತೆಯಾಗಿರುವುದು ಸ್ನಾಯು, ಕೊಬ್ಬಲ್ಲ.

ಪ್ರತಿ ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿ. ವರ್ಷಕ್ಕೆ ಐದಾರು ಸೆಂಟಿಮೀಟರ್ ಏರುತ್ತಿದ್ದರೆ ನೆಮ್ಮದಿಯಾಗಿರಿ. ಎತ್ತರ ನಿಂತುಬಿಟ್ಟರೆ, ತೂಕ ಇಳಿದರೆ, ಪದೇಪದೇ ಜ್ವರ, ಭೇದಿ ಬಂದರೆ, ಆಟ ಬಿಟ್ಟು ಮೂಲೆಯಲ್ಲಿ ಕೂತರೆ, ಆಗ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ನನಗೆ ಈ ಪತ್ರದಲ್ಲಿ ಹೆಚ್ಚು ಆತಂಕ ತಂದವರು ನಿಮ್ಮ ಯಜಮಾನರು. ಹೋದ ವರ್ಷ ನನ್ನ ಹತ್ತಿರವೂ ಒಂದು ಕುಟುಂಬ ಬಂದಿತ್ತು. ಅಜ್ಜಿ ಮೊಮ್ಮಗನ ಅಂಗಿ ಎತ್ತಿ ಪಕ್ಕೆಲುಬು ಎಣಿಸಿ ತೋರಿಸಿದರು. ಹುಡುಗ ಪರೀಕ್ಷೆಯ ಮಂಚದ ಸರಳು ಹಿಡಿದು ನೇತಾಡುತ್ತಿದ್ದ. ಅವನನ್ನು ನೋಡಿ ಮುಗಿಸಿ, ಎತ್ತಿಕೊಂಡು ಬಂದಿದ್ದ ಅಪ್ಪನಿಗೆ ನಿಲ್ಲಿ ಎಂದೆ. ತೋಳು ಸಣ್ಣ. ಅಂಗಿಯ ಮೂರನೇ ಗುಂಡಿ ಬಿಗಿಯಾಗಿತ್ತು. ಟೇಪು ಸುತ್ತಿದಾಗ 96 ಸೆಂಟಿಮೀಟರ್. ಮೂವರಲ್ಲಿ ನಿಜವಾಗಿ ಚಿಕಿತ್ಸೆ ಬೇಕಾಗಿದ್ದದ್ದು ಅವರಿಗೆ. ಅವರು ಮಾತ್ರ "ನನ್ನ ತೂಕ ಸರಿಯಾಗೇ ಇದೆಯಲ್ಲ ಸಾರ್" ಎನ್ನುತ್ತಲೇ ಇದ್ದರು.

ತೂಕ ಸರಿ ಇದ್ದೂ ಕೊಬ್ಬು ಜಾಸ್ತಿ ಇರುವುದು ನಮ್ಮ ಜನರ ಮೈಕಟ್ಟಿನ ಗುಣ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಜೀವನವಿಡೀ ಇದರ ಮೇಲೇ ಕೆಲಸ ಮಾಡಿದವರು. ಪುಣೆ ಸುತ್ತಲ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ. ಇಂಗ್ಲೆಂಡಿನ ಮಕ್ಕಳದು 3.5. ನಮ್ಮ ಮಕ್ಕಳಲ್ಲಿ ಸ್ನಾಯು ಕಮ್ಮಿ, ಹೊಟ್ಟೆಯ ಭಾಗ ಚಿಕ್ಕದು, ಆದರೆ ಚರ್ಮದಡಿಯ ಕೊಬ್ಬು ಹೆಚ್ಚುಕಮ್ಮಿ ಅಷ್ಟೇ ಉಳಿದಿತ್ತು. 2004ರಲ್ಲಿ ಅವರು ತಮ್ಮ ಇಂಗ್ಲಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ನಿಂತು ತೆಗೆಸಿಕೊಂಡ ಒಂದು ಫೋಟೋ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತಕ್ಕಡಿಗೆ ಆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಯಜಮಾನರಿಗೆ ತಕ್ಕಡಿ ಬೇಡ, ಟೇಪು ತಗೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ, ಅದು ಹೊಟ್ಟೆಯ ಕೆಳಗೆ ಕೂತಿರುತ್ತದೆ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. "ಬಾರ್ಡರ್" ಎಂದರೆ ಸುರಕ್ಷಿತ ಎಂದು ತಿಳಿಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ದೇಶದ ಲೆಕ್ಕದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಈ ಬಾರ್ಡರ್ ಮೇಲೆ ನಿಂತಿದ್ದಾರೆ. ಆದರೆ ಅಲ್ಲಿಂದ ಹಿಂದಕ್ಕೆ ಬರಲು ದಾರಿ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ 500ಕ್ಕೂ ಹೆಚ್ಚು ಇಂಥವರನ್ನು ಮೂರು ವರ್ಷ ಗಮನಿಸಿತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಸಕ್ಕರೆ ಕಾಯಿಲೆಗೆ ಜಾರಿದರು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ 39. ಔಷಧಿ ಇಲ್ಲದೆ ಇಷ್ಟು ಸಾಧ್ಯ ಎಂದರೆ ಸಣ್ಣ ಮಾತಲ್ಲ.

ಅವರಿಗೆ ನಡಿಗೆಯ ಜೊತೆ ಬಸ್ಕಿ, ದಂಡ ಬೇಕು. ನಮ್ಮ ಗರಡಿ ಮನೆಗಳಲ್ಲಿ ಸಾಮು ಮಾಡುತ್ತಿದ್ದವರಿಗೆ ಇದು ಹೊಸದಲ್ಲ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಬಹುಪಾಲು ಎಳೆದುಕೊಳ್ಳುವುದು ಸ್ನಾಯು. ತೊಡೆಯ ಸ್ನಾಯು ಬೆಳೆದಷ್ಟೂ ಸಕ್ಕರೆಗೆ ಹೋಗಲು ಜಾಗ ಸಿಗುತ್ತದೆ. ಹತ್ತು ಬಸ್ಕಿಯಿಂದ ಶುರು ಮಾಡಲಿ, ವಾರಕ್ಕೆ ಮೂರು ದಿನ. ತಟ್ಟೆಯಲ್ಲಿ ಅನ್ನದ ಗುಡ್ಡೆ ಅರ್ಧವಾಗಲಿ, ಪಲ್ಯ ಕಾಳು ಎರಡರಷ್ಟಾಗಲಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಬೇಕು, ಮುಂದಿನ ಮಗುವಿಗೋಸ್ಕರವೂ.

ಮಾವನವರದು ಇದಕ್ಕೆ ತದ್ವಿರುದ್ಧ. 66ರಲ್ಲಿ ಒಂದೇ ವರ್ಷದಲ್ಲಿ ಇಳಿದುಹೋಗಿದ್ದಾರೆ ಎಂದರೆ "ಸಕ್ಕರೆ ಇರೋರು ಹಾಗೇ" ಎಂದು ಬಿಡಬೇಡಿ. ಸಕ್ಕರೆ ಹತೋಟಿ ತಪ್ಪಿರಬಹುದು. ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಮನಸ್ಸಿನ ಕುಗ್ಗುವಿಕೆ, ಹಲ್ಲು ಹೋಗಿ ಅಗಿಯಲಾಗದಿರುವುದು, ಯಾವುದೂ ಇರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ. ತಗೊಳ್ಳುವ ಅಷ್ಟೂ ಮಾತ್ರೆ ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ತೂಕ ಇಳಿದ ಮೇಲೂ ಹಳೆಯ ಡೋಸ್ ಮಾತ್ರೆಯೇ ನಡೆಯುತ್ತಿದ್ದರೆ ಸಕ್ಕರೆ ತೀರಾ ಕೆಳಗಿಳಿದು ತಲೆ ಸುತ್ತಿ ಬೀಳುವ ಅಪಾಯ ಇದೆ.

ಕಾಯಿಲೆ ಯಾವುದೂ ಇಲ್ಲ ಎಂದಾದರೆ ಅವರು ಕಳೆದುಕೊಳ್ಳುತ್ತಿರುವುದು ಸ್ನಾಯು. ಅದನ್ನು ಆ ವಯಸ್ಸಿನಲ್ಲೂ ಮರಳಿ ಕಟ್ಟಬಹುದು. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿಗೆ ಭಾರ ಎತ್ತಿಸಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಮಾವನವರಿಗೆ ಅಷ್ಟೆಲ್ಲ ಬೇಡ. ಹೃದಯದ ಡಾಕ್ಟರನ್ನು ಒಂದು ಮಾತು ಕೇಳಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಬೆಳಿಗ್ಗೆ ಸಂಜೆ ಮಾಡಿಸಿ. ಪಕ್ಕದಲ್ಲಿ ಯಾರಾದರೂ ನಿಂತಿರಿ. ಸಕ್ಕರೆಗೆ ಹೆದರಿ ಊಟವನ್ನೇ ಕಮ್ಮಿ ಮಾಡಿಕೊಂಡಿದ್ದಾರೋ ನೋಡಿ, ಹಿರಿಯರಲ್ಲಿ ಇದು ತುಂಬಾ ಸಾಮಾನ್ಯ. ಕಿಡ್ನಿ ಪರೀಕ್ಷೆ ಸರಿ ಇದ್ದರೆ ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಟ್ಟೆ, ಮೊಸರು ಯಾವುದಾದರೂ ಇರಲಿ. ಅತ್ತೆಯವರ ತಟ್ಟೆ ಮಗುವನ್ನು ಬಿಟ್ಟು ಈ ಕಡೆ ತಿರುಗಲಿ.

ಕೊನೆಗೆ ನಿಮ್ಮ ವಿಷಯ. ಮುಖ್ಯವಾದದ್ದು ಇದೇ. ನೀವು ಬರೆದ ರೀತಿಯಲ್ಲಿ ತಪ್ಪು ನಿಮ್ಮದು ಎಂಬ ಭಾವ ಕಂಡಿತು. ಹಾಗೆ ಅಂದುಕೊಳ್ಳಬೇಡಿ. ದೇಶದ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ತೂಕ ದಾಖಲಾದ ಮಕ್ಕಳಲ್ಲಿ ನೂರಕ್ಕೆ 18 ಎರಡೂವರೆ ಕೆಜಿಗಿಂತ ಕಮ್ಮಿ ಎನ್ನುತ್ತದೆ. ನಿಮ್ಮ ಮಗನನ್ನು ಹುಟ್ಟಿಸಿದ ಅಂಡ ರೂಪುಗೊಂಡದ್ದು ನೀವು ನಿಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗ. ಹೆಣ್ಣುಮಗು ತನ್ನ ಅಷ್ಟೂ ಅಂಡಗಳನ್ನು ಹೊತ್ತೇ ಹುಟ್ಟುತ್ತದೆ. ನಿಮ್ಮ ತಾಯಿ ಆಗ ಏನು ಉಂಡರು, ನೀವು ಹದಿನಾಲ್ಕರಲ್ಲಿ ಏನು ಉಂಡಿರಿ, ಮನೆಯಲ್ಲಿ ಕೊನೆಗೆ ಉಂಡವರು ಯಾರು, ಎಲ್ಲವೂ ಆ 2.1 ಕೆಜಿಯಲ್ಲಿ ಸೇರಿದೆ. ಒಬ್ಬರ ಒಂಬತ್ತು ತಿಂಗಳ ಲೆಕ್ಕ ಅಲ್ಲ ಅದು.

ಈಗ 52 ಕೆಜಿ ಇದ್ದೀರಿ, ಅದು ಒಳ್ಳೆಯ ಸುದ್ದಿ. ಎರಡನೇ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಲ್ಪ ದಪ್ಪವೇ ಹುಟ್ಟುತ್ತದೆ, ಅದೂ ನಿಮ್ಮ ಪರವಾಗಿದೆ. ಆದರೆ ತಯಾರಿ ಬಸುರಿ ಎಂದು ಗೊತ್ತಾದ ಮೇಲೆ ಅಲ್ಲ, ಅದಕ್ಕೆ ಮೂರು ತಿಂಗಳು ಮೊದಲೇ ಶುರುವಾಗಬೇಕು. ಮುಂಬೈನ ಕೊಳೆಗೇರಿಗಳಲ್ಲಿ ಹೆಂಗಸರಿಗೆ ಬಸುರಿಗೆ ಮುಂಚಿನಿಂದಲೇ ದಿನವೂ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿ ಕೊಟ್ಟು ನೋಡಿದರು. ಮೂರು ತಿಂಗಳು ಮೊದಲೇ ತಿನ್ನಲು ಶುರು ಮಾಡಿದವರ ಮಕ್ಕಳ ತೂಕ ಸ್ವಲ್ಪ ಏರಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಬಸುರಿಯಲ್ಲಿ ಸಕ್ಕರೆ ಬರುವುದು ನೂರಕ್ಕೆ 12ರಿಂದ 7ಕ್ಕೆ ಇಳಿಯಿತು.

ಹಾಗಾಗಿ ಈಗಲೇ ಮೂರು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಸಕ್ಕರೆ, ಬಿ12. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ಬಸುರಿಗೆ ಮುಂಚೆಯೇ ಸರಿಮಾಡಿಕೊಳ್ಳಿ. ಬಿ12 ಯಾಕೆ ಎನ್ನುತ್ತೀರಾ? ಮತ್ತೆ ಮೈಸೂರಿಗೇ ಬರಬೇಕು. ಅದೇ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಇನ್ನೊಂದು ಅಧ್ಯಯನ ಶುರುವಾಯಿತು. ಆ ಹೆಂಗಸರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಕಮ್ಮಿ ಇತ್ತು, ಮತ್ತು ಕಮ್ಮಿ ಇದ್ದವರಲ್ಲೇ ಬಸುರಿಯ ಸಕ್ಕರೆ ಜಾಸ್ತಿ ಕಂಡಿತು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಿಂದ ಮಾತ್ರ ಬಿ12 ಸಿಗುತ್ತದೆ. ಸೊಪ್ಪು ಕಾಳಿನಲ್ಲಿ ಇಲ್ಲ. ಕಮ್ಮಿ ಇದ್ದರೆ ಮಾತ್ರೆ ಬೇಕಾಗುತ್ತದೆ. ಫೋಲಿಕ್ ಆಸಿಡ್ ಮಾತ್ರೆಯನ್ನೂ ಬಸುರಿಗೆ ಮುಂಚಿನಿಂದಲೇ ತಗೊಳ್ಳಿ.

ಬಸುರಿಯಾದ ಮೇಲೆ ಮೊದಲ ಭೇಟಿಯಲ್ಲೇ ಸಕ್ಕರೆ ನೋಡಿಸಿ, ಆರೇಳು ತಿಂಗಳ ಹೊತ್ತಿಗೆ ಇನ್ನೊಮ್ಮೆ. "ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆಂದು ಇಬ್ಬರ ಊಟ ಉಣ್ಣಬೇಕಾಗಿಯೂ ಇಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಕೊಡ ಹೊರುವುದು, ಗದ್ದೆಯಲ್ಲಿ ಬಗ್ಗಿ ದುಡಿಯುವುದು ಇವನ್ನು ಕಮ್ಮಿ ಮಾಡಿ. ಪುಣೆಯ ಹಳ್ಳಿಗಳಲ್ಲಿ ಭಾರದ ಕೆಲಸ ಜಾಸ್ತಿ ಮಾಡಿದ ತಾಯಂದಿರ ಮಕ್ಕಳು ಇನ್ನೂ ಸಣ್ಣಗೆ ಹುಟ್ಟಿದ್ದವು. ಮತ್ತು ಎಲ್ಲರ ಊಟ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಅಭ್ಯಾಸ ಇದ್ದರೆ, ದಯವಿಟ್ಟು ಎಲ್ಲರ ಜೊತೆಗೇ ಕೂತು ಉಣ್ಣಿ.

ಇನ್ನೊಂದು ಕೆಲಸ. ನಿಮ್ಮ ತಾಯಿ ಕಾರ್ಡ್ ಎಲ್ಲಿದೆ ಹುಡುಕಿ. ಮಗನ ಹುಟ್ಟಿದ ತೂಕ, ಉದ್ದ, ಆಗಿನ ನಿಮ್ಮ ತೂಕ ಅದರಲ್ಲಿರುತ್ತದೆ. ಶಾಯಿ ಮಾಸುವ ಮುಂಚೆ ಫೋಟೋ ತೆಗೆದಿಡಿ. ಅವನ ಆರೋಗ್ಯದ್ದೇ ಒಂದು ನೋಟ್‌ಬುಕ್ ಮಾಡಿ, ಮೊದಲ ಪುಟದಲ್ಲಿ ಅದನ್ನು ಬರೆಯಿರಿ. ಕೆಳಗೆ ಆರಾರು ತಿಂಗಳ ಎತ್ತರ, ವರ್ಷಕ್ಕೊಂದು ಬಿಪಿ. ಅವನು ನಲವತ್ತರಲ್ಲಿ ಯಾರೋ ಡಾಕ್ಟರ ಮುಂದೆ ಕೂತಾಗ, "ಹುಟ್ಟಿದಾಗ ಎಷ್ಟಿದ್ರಿ?" ಎಂದು ಅವರು ಕೇಳಿದರೆ ಆ ಪುಟ ತೆಗೆದು ತೋರಿಸಲಿ.